ಉಪ್ಪು ನೋಡದೆ ಕೊಟ್ಟದ್ದು

ಮಣಿಪಾಲ,
ಆಗಸ್ಟ್ 5, 2025, ಮಂಗಳವಾರ

ಪ್ರೀತಿಯ ಮಾಮಿಗೆ, ನಿಮ್ಮ ಸೊಸೆ ಸೌಮ್ಯಶ್ರೀಯ ನಮಸ್ಕಾರ.

ಈಗ ರಾತ್ರಿ ಒಂದೂ ಇಪ್ಪತ್ತು. ಹತ್ತು ನಿಮಿಷದ ಹಿಂದೆ ಒಂದು ಸದ್ದಿಗೆ ಎಚ್ಚರವಾಯಿತು. ಅಳು ಅಲ್ಲ. ಚಪ್, ಚಪ್ ಎಂದು ತೀರಾ ಸಣ್ಣ ಸದ್ದು. ಅಡುಗೆಮನೆಯ ನಳ್ಳಿ ಸರಿಯಾಗಿ ತಿರುಗಿಸಿಲ್ಲವೇನೋ ಎಂದು ಎದ್ದು ಹೋಗಿ ನೋಡಿದೆ. ನಳ್ಳಿ ಸರಿಯಾಗಿಯೇ ಇತ್ತು. ಸದ್ದು ಬರುತ್ತಿದ್ದದ್ದು ಹಾಸಿಗೆಯಿಂದ. ನಿಮ್ಮ ಮೊಮ್ಮಗ ನಿದ್ದೆಯಲ್ಲಿ ಏನೂ ಇಲ್ಲದ ಬಾಯನ್ನು ಚೀಪುತ್ತಿದ್ದ. ಕೆಳತುಟಿ ಒಳಗೆ ಹೋಗುತ್ತದೆ, ಗಂಟಲು ಒಮ್ಮೆ ನುಂಗುತ್ತದೆ, ಮತ್ತೆ ಚಪ್. ಸ್ವಲ್ಪ ಹೊತ್ತು ನೋಡಿದೆ, ಮತ್ತೆ ನೋಡಲಾಗಲಿಲ್ಲ. ಅವನ ಕೋಣೆಯ ಲೈಟ್ ಹಾಕದೆ ಈ ಕಡೆ ಬಂದು ಊಟದ ಮೇಜಿನ ಮೇಲೆ ಬರೆಯುತ್ತಿದ್ದೇನೆ.

ನಾವು ಮಾತಾಡದೆ ಎಂಟು ದಿನ ಆಯಿತು. ಮೂರು ಸಲ ನಿಮ್ಮ ನಂಬರ್ ಒತ್ತಿ ರಿಂಗ್ ಆಗುವ ಮೊದಲೇ ಕಟ್ ಮಾಡಿದ್ದೇನೆ. ನಿಮ್ಮ ಹತ್ತಿರ ನಾನು ಆಡಿದ್ದೆಲ್ಲ ತುಳುವಿನಲ್ಲಿ. ತುಳುವಿನಲ್ಲಿ ಹೇಳಲು ಹೊರಟರೆ ಎರಡನೇ ಮಾತಿಗೆ ಅಳು ಬರುತ್ತದೆ, ನೀವು ಅಳಬೇಡ ಅನ್ನುತ್ತೀರಿ, ಹೇಳಬೇಕಾದದ್ದು ಅಲ್ಲಿಗೇ ನಿಲ್ಲುತ್ತದೆ. ಬರೆಯುವಾಗ ಕನ್ನಡ ಬರುತ್ತದೆ, ಕನ್ನಡ ಬಂದರೆ ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಬೇಕಾಗುತ್ತದೆ. ಸಂಜೆ ಮೀನು ಮಾರಿ ಬಂದು ಕಾಲು ಚಾಚಿ ನೀವು ಪೇಪರ್ ಓದುವುದನ್ನು, ಸಾಲಿನ ಕೆಳಗೆ ಬೆರಳು ಇಟ್ಟುಕೊಂಡು ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ. ಪುಟಗಳ ಫೋಟೋ ತೆಗೆದು ನಿಮ್ಮ ಮೊಬೈಲಿಗೆ ಹಾಕುತ್ತೇನೆ. ಮೂರೂವರೆಗೆ ಎದ್ದು ಮಲ್ಪೆಗೆ ಹೊರಡುವ ಮೊದಲು ಮೀನಿನ ರೇಟು ನೋಡಲು ನೀವು ಫೋನ್ ತೆರೆಯುತ್ತೀರಿ ಎಂದು ಗೊತ್ತುಂಟು.

ಶ್ರವಣನ ವಿಷಯ ಮೊದಲು ಹೇಳುತ್ತೇನೆ. ಅವನು ಊಟ ಬಿಟ್ಟು ಇವತ್ತಿಗೆ ಹತ್ತನೇ ದಿನ. ಪೂರ್ತಿ ಬಿಟ್ಟಿಲ್ಲ. ತನ್ನ ಕೈಯಲ್ಲೇ ಲೋಟ ಹಿಡಿದು ನೀರು ಕುಡಿಯುತ್ತಾನೆ. ಎಳನೀರು ಕೊಟ್ಟರೆ ನಳಿಕೆ ತಾನೇ ಬಾಯಿಗಿಟ್ಟುಕೊಂಡು ಕಾಲು ಗ್ಲಾಸ್ ಎಳೆಯುತ್ತಾನೆ. ನೆಲಕ್ಕೆ ಬಿದ್ದ ಬಿಸ್ಕತ್ತು ಹೆಕ್ಕಿ, ನಾನು ನೋಡುತ್ತಿದ್ದೇನೆಯೇ ಎಂದು ಒಮ್ಮೆ ಕಣ್ಣು ಹೊರಳಿಸಿ, ತಿನ್ನುತ್ತಾನೆ. ನಾನು ಬಟ್ಟಲು ಹಿಡಿದು ಹತ್ತಿರ ಹೋದರೆ ಮುಗಿಯಿತು. ಎರಡೂ ಅಂಗೈ ಬಾಯಿಗೆ ಮುಚ್ಚಿಕೊಳ್ಳುತ್ತಾನೆ. ಗಂಜಿ, ರಾಗಿ ಮಣ್ಣಿ, ಇಡ್ಲಿ, ನೀವು ಕಲಿಸಿದಂತೆ ಮುಳ್ಳು ತೆಗೆದ ಕಾಣೆ ಮೀನು, ಎಲ್ಲ ಆಯಿತು. ಮೊಬೈಲಿನಲ್ಲಿ ಕಾರ್ಟೂನ್ ಹಾಕಿ ಬಾಯಿ ತೆರೆಯುವಾಗ ತುರುಕಿದ್ದೂ ಆಯಿತು. ವಾಂತಿ ಮಾಡಿದ. ಕಾರ್ಕಳಕ್ಕೆ ಕರೆದುಕೊಂಡು ಹೋದಾಗ ನಮ್ಮಮ್ಮ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಮೆಣಸು ಘಾಟು ಬರಲಿಲ್ಲ, ದೃಷ್ಟಿಯೇ ಆಗಿದೆ ಎಂದು ಹೇಳಿದರು. ನಾನು ಹೌದು ಅಂದೆ. ದೃಷ್ಟಿ ಎಂದರೆ ಎಷ್ಟು ಅನುಕೂಲ, ಅದು ಯಾರದ್ದೋ ಆಗಿರುತ್ತದೆ.

ನಿನ್ನೆ ಇಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿದೆ. ಹತ್ತು ಕಿಲೋ ಆರುನೂರು ಇದ್ದವನು ಒಂಬತ್ತು ಎಂಟುನೂರಕ್ಕೆ ಇಳಿದಿದ್ದಾನೆ. ರಕ್ತ, ಮೂತ್ರ ಎಲ್ಲ ಪರೀಕ್ಷೆ ಆಯಿತು, ಎಂತದೂ ತೊಂದರೆ ಕಾಣುವುದಿಲ್ಲವಂತೆ. ಗಂಟಲು ಕೆಂಪಿಲ್ಲ, ಹಲ್ಲು ಬರುತ್ತಿಲ್ಲ. ಇವತ್ತು ಬೆಳಿಗ್ಗೆ ಹತ್ತು ಗಂಟೆಯೊಳಗೆ ಒಂದು ಬಟ್ಟಲು ಏನಾದರೂ ಒಳಗೆ ಹೋದರೆ ಸರಿ, ಇಲ್ಲದಿದ್ದರೆ ಬಟ್ಟೆಬರೆ ತೆಗೆದುಕೊಂಡೇ ಬನ್ನಿ, ಎಡ್ಮಿಟ್ ಮಾಡಿ ಮೂಗಿನಿಂದ ನಳಿಕೆ ಹಾಕಿ ಕೊಡುವ ಎಂದಿದ್ದಾರೆ. ಬ್ಯಾಗ್ ತುಂಬಿಸಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ನಿಮ್ಮ ಮಗನಿಗೆ ಹೇಳಲು ಅವರ ಬೋಟು ರೇಂಜಿನಲ್ಲಿ ಇಲ್ಲ. ಭಾನುವಾರ ಹೋದವರು ಬರುವಾಗ ಹತ್ತು ದಿನವಾದರೂ ಆಗುತ್ತದೆ.

ಡಾಕ್ಟರು ಇನ್ನೊಂದು ಕೇಳಿದರು. ಇತ್ತೀಚೆಗೆ ಹೊಸತಾಗಿ ಮಗುವಿನ ಬಾಯಿಗೆ ಎಂತಾದರೂ ಹಾಕಿದ್ದೀರಾ ಎಂದು. ಅಜ್ಜಿ ಆಟಿ ತಿಂಗಳ ಅಮಾವಾಸ್ಯೆಯ ಕಷಾಯ ಕೊಟ್ಟಿದ್ದರು ಎಂದು ಹೇಳಿದೆ. ಅವರು ಅದನ್ನು ಫೈಲಿನಲ್ಲಿ ಬರೆದುಕೊಂಡರು. ಅವರು ಬರೆಯುವುದನ್ನು ನಾನು ನೋಡುತ್ತ ಕುಳಿತಿದ್ದೆ. ಇದರ ಬಗ್ಗೆ ಆಮೇಲೆ ಬರೆಯುತ್ತೇನೆ. ಬರೆಯದೆ ಈ ಪತ್ರ ಮುಗಿಸುವುದಿಲ್ಲ.

ನಿನ್ನೆ ಆಸ್ಪತ್ರೆಯಿಂದ ಬಂದಾಗ ಎದುರು ಮನೆಯ ಲವೀನಾ ಬಾಗಿಲಲ್ಲೇ ಇದ್ದಳು. ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಾಳಲ್ಲ, ನಿಮ್ಮ ರವಿಕೆ ಬಿಗಿಯಾಯಿತೆಂದು ಬಿಚ್ಚಿ ಹೊಲಿದುಕೊಟ್ಟವಳು. ಅವಳು ತನ್ನ ಊಟದ ತಟ್ಟೆಯಿಂದ ಗಂಜಿಯ ಅಗುಳು ತೆಗೆದು, ನೀನು ತಿನ್ನದಿದ್ದರೆ ಬೆಕ್ಕಿಗೆ ಹಾಕುತ್ತೇನೆ ಮಾರಾಯ ಎಂದು ಅವನ ಬಾಯಿಯ ಹತ್ತಿರ ತಂದಳು. ಅವನು ಬಾಯಿ ತೆರೆದ, ಮಾಮಿ. ನಾಲ್ಕು ಸಲ ತೆರೆದ. ನಾನು ಓಡಿ ಹೋಗಿ ಅವಳ ಕೈಯಿಂದ ತಟ್ಟೆ ತೆಗೆದುಕೊಂಡೆ. ಅದೇ ಗಂಜಿ. ಎರಡೂ ಅಂಗೈ ಬಾಯಿಗೆ ಹೋಯಿತು.

ಲವೀನಾ ನಕ್ಕಳು. "ಸೌಮ್ಯ, ಇವನಿಗೆ ಹಸಿವೆ ಉಂಟು ಮಾರಾಯ್ತಿ. ನಿನ್ನ ಕೈ ಬೇಡ, ಅಷ್ಟೇ. ಎಂತ ಮಾಡಿದ್ದಿ ಅವನಿಗೆ?"

ಅವಳು ತಮಾಷೆಗೆ ಹೇಳಿದ್ದು. ಸಂಜೆ ಅವಳೂ ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೋದಳು. ಮನೆಯಲ್ಲಿ ನಾವಿಬ್ಬರೇ ಉಳಿದೆವು, ಅವನು ಮತ್ತು ಅವನಿಗೆ ಬೇಡದ ನನ್ನ ಕೈ.

ಇನ್ನು ಅಮಾವಾಸ್ಯೆಯ ದಿನದ್ದು ಬರೆಯುತ್ತೇನೆ. ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ನನಗೂ ಅದೆಲ್ಲ ನೆನಪಿದೆ ಎಂದು ನಿಮಗೆ ತಿಳಿಯಬೇಕು. ನಿಮ್ಮ ತಮ್ಮ ವಾಸು ಮಾವ ಬೆಳಕಾಗುವ ಮೊದಲೇ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ಕಷಾಯಕ್ಕೆಂದು ಪಾಲೆ ಮರದ ತೊಗಟೆ ತಂದರು. ಹಿಂದಿನ ದಿನವೇ ಮರಕ್ಕೆ ದಾರ ಕಟ್ಟಿ ಗುರುತು ಮಾಡಿದ್ದರು, ಕತ್ತಲೆಯಲ್ಲಿ ಬೇರೆ ಮರ ಆಗಬಾರದೆಂದು. ನೀವು ಓಮ, ಬೆಳ್ಳುಳ್ಳಿ, ಕರಿಮೆಣಸು ಸೇರಿಸಿ ಅರೆದು, ರಸ ಹಿಂಡಿ, ಬಿಳಿಕಲ್ಲು ಕೆಂಪಗೆ ಕಾಯಿಸಿ ಅದರೊಳಗೆ ಹಾಕಿದಿರಿ. ಚೊಂಯ್ ಎಂದಾಗ ಶ್ರವಣ್ ಚಪ್ಪಾಳೆ ತಟ್ಟಿದ. ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಅರ್ಧ ಲೋಟ ಕುಡಿದರು. ಅವನಿಗೂ ಒಂದು ತೊಟ್ಟು ಕೊಡಿ, ಹೊಟ್ಟೆಹುಳ ಸಾಯುತ್ತದೆ ಎಂದು ವಾಸು ಮಾವ ಹೇಳಿದಾಗ ನೀವು, "ಎರಡು ವರ್ಷ ತುಂಬದ ಮಗುವಿಗೆ ಎಂತದು ಪಾಲೆ? ನಿನ್ನ ಹೊಟ್ಟೆಯ ಹುಳ ಮೊದಲು ನೋಡಿಕೋ" ಎಂದು ಬೈದಿರಿ. ಆಮೇಲೆ ಮೆಂತೆ ಗಂಜಿ ಬಡಿಸಿದಿರಿ. ಅವನನ್ನು ತೊಡೆಯ ಮೇಲೆ ಕೂರಿಸಿ, ಅಂಗೈಯಲ್ಲಿ ಗಂಜಿ ತೆಗೆದು, ಮೊದಲು ನೀವು ಒಂದು ಬೆರಳು ನೆಕ್ಕಿ, "ಉಪ್ಪು ನೋಡಿದೆ, ಇನ್ನು ನೀನು" ಎಂದು ಅವನಿಗೆ ಕೊಟ್ಟಿರಿ.

ನೀವು ಯಾವಾಗಲೂ ಹಾಗೆಯೇ. ನೀವು ಬಾಯಿಗೆ ಹಾಕಿ ನೋಡದ ಯಾವುದನ್ನೂ ಅವನಿಗೆ ಕೊಟ್ಟವರಲ್ಲ. ಎಂಜಲು ಕೊಡಬೇಡಿ ಮಾಮಿ, ಕ್ರಿಮಿ ಇರುತ್ತದೆ ಎಂದು ನಾನು ಎಷ್ಟು ಸಲ ಹೇಳಿದ್ದೇನೆ. ನೀವು ನಗುತ್ತಿದ್ದಿರಿ. "ನಿನ್ನ ಗಂಡನಿಗೂ ಹೀಗೇ ಕೊಟ್ಟದ್ದು. ಈಗ ಬೋಟಿನ ಇಂಜಿನ್ ಎತ್ತುತ್ತಾನೆ."

ಹೊರಡುವಾಗ, ಮಲ್ಪೆಯಲ್ಲಿ ಬೋಟಿನ ಕೆಲಸಕ್ಕೆ ನಿಂತಿದ್ದ ನಿಮ್ಮ ಮಗನಿಗೆಂದು ಒಂದು ಸಣ್ಣ ಬಾಟಲಿಯಲ್ಲಿ ಕಷಾಯ ಹಾಕಿ ಕೊಟ್ಟಿರಿ. ಅವರು ರಾತ್ರಿ ಬಂದು, ಹೊಟ್ಟೆ ತುಂಬಿದ ಮೇಲೆ ಕುಡಿದರೆ ಎಂತ ಪ್ರಯೋಜನ ಎಂದು ಮುಟ್ಟಲಿಲ್ಲ. ನಾನು ಫ್ರಿಜ್ಜಿನಲ್ಲಿ ಇಟ್ಟೆ.

ಅವನು ಊಟ ಬಿಟ್ಟ ಮರುದಿನ, ಸೋಮವಾರ, ಕಾಪುವಿನ ನಿಮ್ಮ ಮನೆಗೆ ಬಂದು ನಾನು ಎಂತ ಹೇಳಿದೆ ಎನ್ನುವುದು ನಿಮಗೆ ಮರೆತಿರಲಿಕ್ಕಿಲ್ಲ. ನೀವು ಕಣ್ಣು ತಪ್ಪಿಸಿ ಮಗುವಿಗೆ ಕಷಾಯ ಕುಡಿಸಿದ್ದೀರಿ, ಅದು ಯಾವ ಮರದ ತೊಗಟೆಯೋ ಯಾರಿಗೆ ಗೊತ್ತು, ಕಾಸರಕನ ಮರದ್ದಾದರೆ ವಿಷ ಎಂದೆ. ಅಂಗಳದಲ್ಲಿ ನಿಂತು ಹೇಳಿದೆ. ಆಚೆಮನೆಯವರು ಬಲೆ ಬಿಡಿಸುವುದನ್ನು ನಿಲ್ಲಿಸಿ ಕೇಳಿದರು. ವಾಸು ಮಾವ, "ನಲವತ್ತು ವರ್ಷದಿಂದ ತೊಗಟೆ ತರುವುದು ನಾನು. ಒಂದು ಮನೆಗೂ ಎಂತ ಆಗಲಿಲ್ಲ. ಮುಂದಿನ ವರ್ಷ ನಾನು ಮರಕ್ಕೆ ಹೋಗುವುದಿಲ್ಲ" ಎಂದು ಹೇಳಿ ಹೊರಗೆ ಹೋದರು. ನೀವು ಆಗ ಶ್ರವಣನಿಗೆ ಗಂಜಿ ಕಿವುಚುತ್ತಿದ್ದಿರಿ. ನಿಮ್ಮನ್ನು ಕಂಡದ್ದೇ ಅವನು ಬಟ್ಟಲಿನ ಹತ್ತಿರ ಓಡಿ ಬಂದು ಕುಳಿತಿದ್ದ. ನೀವು ಎದ್ದು ಕೈ ತೊಳೆದುಕೊಂಡಿರಿ.

"ಇನ್ನು ನನ್ನ ಕೈ ನಿನ್ನ ಮಗುವಿನ ಬಾಯಿಗೆ ಬರುವುದಿಲ್ಲ ಸೌಮ್ಯ. ನೀನಾಗಿ ಕರೆಯುವವರೆಗೆ ಇಲ್ಲ."

ನಿಮ್ಮ ಮಗ ನನ್ನ ಮುಖ ನೋಡಿದರು, ನಿಮ್ಮ ಮುಖ ನೋಡಿದರು, ಬೈಕ್ ಸ್ಟಾರ್ಟ್ ಮಾಡಿದರು. ವಾಸು ಮಾವನ ಮಗಳು ನವ್ಯಶ್ರೀ ಮೊನ್ನೆ ಫೋನ್ ಮಾಡಿ ಹೇಳಿದಳು, ಮಾರ್ಕೆಟಿನಲ್ಲಿ ಯಾರೋ ನಿಮ್ಮ ಬುಟ್ಟಿಯ ಎದುರು ನಿಂತು, ಮೊಮ್ಮಗನಿಗೆ ಎಂತ ಕುಡಿಸಿದ್ದಿ ಸುಂದರಕ್ಕ ಎಂದು ಕೇಳಿದರಂತೆ. ನೀವು ಮೀನು ಕತ್ತರಿಸುತ್ತಲೇ ಇದ್ದಿರಂತೆ, ತಲೆ ಎತ್ತಲಿಲ್ಲವಂತೆ.

ನೀವು ಕುಡಿಸಿಲ್ಲ. ನನಗೆ ಅಂಗಳದಲ್ಲಿ ನಿಂತಾಗಲೂ ಗೊತ್ತಿತ್ತು.

ಕುಡಿಸಿದ್ದು ನಾನು. ಕುಡಿಸಿದ್ದು ಎನ್ನುವುದೂ ಸರಿಯಲ್ಲ, ಸರಿಯಾಗಿಯೇ ಬರೆಯುತ್ತೇನೆ. ಈ ತಿಂಗಳ ಹನ್ನೊಂದನೇ ತಾರೀಕಿಗೆ ಲೈಬ್ರರಿಯ ಕೆಲಸಕ್ಕೆ ಸೇರಬೇಕಿತ್ತಲ್ಲ, ಅದರೊಳಗೆ ಎದೆಹಾಲು ಬಿಡಿಸಬೇಕಿತ್ತು. ನೀವು ಒಂದು ತಿಂಗಳ ಹಿಂದೆಯೇ ಹೇಳಿದ್ದಿರಿ, ಒಂದೊಂದು ಹೊತ್ತು ತಪ್ಪಿಸುತ್ತ ಬಾ, ಮೊದಲು ಮಧ್ಯಾಹ್ನದ್ದು, ಆಮೇಲೆ ಸಂಜೆಯದ್ದು, ರಾತ್ರಿಯದ್ದು ಕಡೆಗೆ, ಗಡಿಬಿಡಿ ಮಾಡಬೇಡ ಎಂದು. ನಾನು ನಾಳೆ ನಾಳೆ ಎಂದು ದಿನ ಕಳೆದೆ. ನನಗೂ ಬಿಡಲು ಮನಸ್ಸಿರಲಿಲ್ಲ. ಕಡೆಗೆ ಉಳಿದದ್ದು ಹದಿನೈದು ದಿನ. ಚಿಕ್ಕವಳಿದ್ದಾಗ ಕಾರ್ಕಳದಲ್ಲಿ ಚಿಕ್ಕಮ್ಮ ಬೇವಿನ ಎಲೆ ಅರೆದು ಹಚ್ಚಿಕೊಂಡದ್ದು ನೋಡಿದ್ದೆ. ಶನಿವಾರ ಮಧ್ಯಾಹ್ನ ಫ್ರಿಜ್ ತೆರೆದಾಗ ಆ ಬಾಟಲಿ ಕಂಡಿತು. ಹತ್ತಿಯಲ್ಲಿ ಅದ್ದಿ ಎದೆಗೆ ಹಚ್ಚಿಕೊಂಡೆ.

ಅವನು ಆಡುತ್ತಿದ್ದವನು ಬಂದ. ಬಾಯಿ ಹಾಕಿದ. ಮುಖ ಹಿಂಡಿಕೊಂಡು ಹಿಂದೆ ಸರಿದು ನನ್ನನ್ನು ನೋಡಿದ. ಅಳಲಿಲ್ಲ. ಏನೋ ತಪ್ಪಾಗಿರಬೇಕು ಎಂಬಂತೆ ಅಂಗಿಯಿಂದ ಒರೆಸಿ ಮತ್ತೆ ಬಾಯಿ ಹಾಕಿದ. ಮತ್ತೆ ನೋಡಿದ. ಮೂರನೇ ಸಲ ಈ ಕಡೆಯದ್ದು ಬಿಟ್ಟು ಆ ಕಡೆಗೆ ಬಂದ. ಅಲ್ಲಿಯೂ ಹಚ್ಚಿದ್ದೆ. ಮೂರು ಸಲವೂ ನಾನು "ಥೂ, ಕಹಿ" ಎಂದು ಮುಖ ಕಿವುಚಿ ತೋರಿಸಿದೆ. ನಾಲ್ಕನೇ ಸಲ ಅವನು ಬರಲಿಲ್ಲ. ಎರಡೂ ಅಂಗೈ ಬಾಯಿಗೆ ಇಟ್ಟುಕೊಂಡು ನಿಂತ.

ಆ ಅಂಗೈ ಇವತ್ತಿನವರೆಗೆ ಇಳಿದಿಲ್ಲ.

ಅರ್ಧ ಗಂಟೆಯಲ್ಲಿ ಕೆಲಸ ಆಯಿತು ಎಂದು ನಾನು ಖುಷಿಪಟ್ಟೆ. ಅದನ್ನೂ ಬರೆಯುತ್ತೇನೆ. ಎದೆ ತೊಳೆದುಕೊಂಡು, ಚಹಾ ಮಾಡಿ ಕುಡಿದು, ಲೈಬ್ರರಿಗೆ ಹಾಕಿಕೊಂಡು ಹೋಗಲು ಎರಡು ಸೀರೆ ಇಸ್ತ್ರಿ ಮಾಡಿದೆ. ರಾತ್ರಿ ಅವನು ಅಳುತ್ತಲೇ ಮಲಗಿದ. ಭಾನುವಾರ ಬೆಳಿಗ್ಗೆ ಗಂಜಿ ಹಿಡಿದು ಹತ್ತಿರ ಹೋದೆ. ಆಗಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಯಿತು ಕೂಡ. ಆದರೆ ಅದೊಂದು ಬಿಟ್ಟು ಬೇರೆ ಏನಾದರೂ ಆಗಿರಲಿ ಎಂದು ಹುಡುಕುತ್ತ ಹೋದೆ. ಕಾಪುವಿನ ಅಂಗಳದಲ್ಲಿ ನೀವು ಸಿಕ್ಕಿದಿರಿ.

ಕೆಲಸಕ್ಕೆ ಸೇರುತ್ತೇನೋ ಇಲ್ಲವೋ ಗೊತ್ತಿಲ್ಲ. ಈಗ ಅದು ದೊಡ್ಡ ವಿಷಯ ಎಂದು ಅನ್ನಿಸುವುದೂ ಇಲ್ಲ. ಆಸ್ಪತ್ರೆಯ ಫೈಲಿನಲ್ಲಿ ಬರೆದದ್ದನ್ನು ಇವತ್ತೇ ಹೇಳಿ ತಿದ್ದಿಸುತ್ತೇನೆ. ನಿಮ್ಮ ಮಗನ ಬೋಟು ಬಂದ ದಿನ ಬಂದರಿನಲ್ಲೇ ನಿಂತು ಅವರಿಗೆ ಹೇಳುತ್ತೇನೆ. ವಾಸು ಮಾವನಿಗೆ ಹೇಳಲು ಆ ಅಂಗಳಕ್ಕೇ ಬರಬೇಕು, ಆಚೆಮನೆಯವರು ಇರುವಾಗಲೇ ಬರಬೇಕು. ಅದನ್ನು ಹೇಗೆ ಮಾಡುತ್ತೇನೋ ಈಗ ಗೊತ್ತಿಲ್ಲ, ಆದರೆ ಬರುತ್ತೇನೆ. ನೀವು ಕ್ಷಮಿಸಬೇಕೆಂದು ನಾನು ಕೇಳುವುದಿಲ್ಲ. ಕೇಳಬೇಕಾದದ್ದು ಬೇರೆ ಉಂಟು.

ನಾನಾಗಿ ಕರೆಯುವವರೆಗೆ ಬರುವುದಿಲ್ಲ ಎಂದಿದ್ದಿರಿ. ಕರೆಯುತ್ತಿದ್ದೇನೆ, ಮಾಮಿ. ಮಲ್ಪೆಗೆ ಹೋಗುವ ಟೆಂಪೋ ಉಡುಪಿಯ ಮೇಲೆಯೇ ಬರುತ್ತದಲ್ಲ, ಕರಾವಳಿ ಸರ್ಕಲಿನಲ್ಲಿ ಇಳಿದರೆ ಅಲ್ಲಿಂದ ರಿಕ್ಷಾ ಸಿಗುತ್ತದೆ. ಇವತ್ತೊಂದು ದಿನ ಮೀನು ಬೇರೆಯವರು ತರಲಿ. ಕುಚ್ಚಲಕ್ಕಿ ತೊಳೆದು ಕುಕ್ಕರಿನಲ್ಲಿ ಇಟ್ಟಿದ್ದೇನೆ, ನೀವು ಹೊರಟೆ ಎಂದರೆ ಒಲೆ ಹಚ್ಚುತ್ತೇನೆ. ಅವನನ್ನು ನಿಮ್ಮ ತೊಡೆಯ ಮೇಲೆ ಕೂರಿಸಿಕೊಳ್ಳಿ. ಮೊದಲ ತುತ್ತು ನಿಮ್ಮ ಕೈಯಿಂದಲೇ ಹೋಗಲಿ, ಎರಡನೆಯದ್ದೂ, ಬಟ್ಟಲಿಡೀ ನಿಮ್ಮ ಕೈಯಿಂದಲೇ ಹೋಗಲಿ. ನಾನು ಒಳಗಿನ ಕೋಣೆಯಲ್ಲಿ ಇರುತ್ತೇನೆ, ಅವನಿಗೆ ಕಾಣುವುದಿಲ್ಲ. ಅವನು ನುಂಗುವ ಸದ್ದು ಕೇಳಿದರೆ ಸಾಕು. ಮತ್ತೆ ಯಾವತ್ತಾದರೂ, ನಿಮಗೆ ಸರಿ ಕಂಡ ದಿನ, ನಿಮ್ಮ ಅಂಗೈಯ ಕೆಳಗೆ ನನ್ನ ಅಂಗೈ ಇಡಲು ಬಿಡಿ. ತುತ್ತು ನಿಮ್ಮದು ಎಂದುಕೊಂಡೇ ಅವನು ತಿನ್ನಲಿ.

ಒಂದು ಬಟ್ಟಲು, ಹತ್ತು ಗಂಟೆಯೊಳಗೆ. ಅಷ್ಟೇ ಬೇಕಾದದ್ದು. ಆ ನಳಿಕೆ ಹಾಕಬೇಕಾದರೆ ಅವನ ಎರಡೂ ಕೈ ಬಿಗಿಯಾಗಿ ಹಿಡಿಯಲು ನನಗೇ ಹೇಳುತ್ತಾರೆ, ಮಾಮಿ. ಬಾಯಿ ಮುಚ್ಚಿಕೊಂಡ ಕೈಗಳನ್ನು ನಾನೇ ಬಿಡಿಸಿ ಹಿಡಿಯಬೇಕು.

ಈಗ ಎರಡೂ ಐವತ್ತು. ಇದನ್ನು ಓದಿದ ತಕ್ಷಣ ಫೋನ್ ಮಾಡಿ. ಬೈಯಲಿಕ್ಕಾದರೂ ಮಾಡಿ. ಮಾತಾಡಲು ಮನಸ್ಸಿಲ್ಲದಿದ್ದರೆ ಒಂದು ಮಿಸ್ಡ್ ಕಾಲ್ ಕೊಡಿ, ನೀವು ಹೊರಟಿರಿ ಎಂದು ತಿಳಿದುಕೊಳ್ಳುತ್ತೇನೆ. ಬೆಳಕಾಗುವ ಮೊದಲು ಮಾಡಿ, ಮಾಮಿ. ಫೋನ್ ಕೈಯಲ್ಲೇ ಹಿಡಿದುಕೊಂಡಿದ್ದೇನೆ.

ನಿಮ್ಮ ಸೊಸೆ,
ಸೌಮ್ಯ

ಮರೆತದ್ದು: ಅಮಾವಾಸ್ಯೆಯ ದಿನ ನೀವು ನನ್ನ ಕೈಗೂ ಅರ್ಧ ಲೋಟ ಕಷಾಯ ಕೊಟ್ಟಿದ್ದಿರಿ. ಕುಡಿದೆ ಎಂದು ಹೇಳಿ ಲೋಟ ತೊಳೆದಿಟ್ಟೆ. ಕುಡಿದಿರಲಿಲ್ಲ, ಹಿತ್ತಿಲಿನ ಬಾಳೆಯ ಬುಡಕ್ಕೆ ಚೆಲ್ಲಿದ್ದೆ. ಮದುವೆಯಾದ ಮೇಲೆ ನಾಲ್ಕು ವರ್ಷವೂ ಹಾಗೆಯೇ ಚೆಲ್ಲಿದ್ದೇನೆ. ಅದರ ರುಚಿ ಎಂತದೆಂದು ನನಗೆ ಗೊತ್ತೇ ಇರಲಿಲ್ಲ. ಈ ಪತ್ರ ಶುರು ಮಾಡುವ ಮೊದಲು ಆ ಬಾಟಲಿ ತೆಗೆದು ತಳದಲ್ಲಿ ಉಳಿದದ್ದನ್ನು ಒಂದು ಬೆರಳು ನೆಕ್ಕಿದೆ. ಒಂದೂವರೆ ಗಂಟೆಯಾಯಿತು. ನೀರು ಕುಡಿದೆ, ಬೆಲ್ಲ ತಿಂದೆ. ಇನ್ನೂ ಹೋಗಿಲ್ಲ.